ಏಳು ಇಂಚಿನ ಅಂಬಾಸಿಡರ್

"ಮುಟ್ಟಬೇಡಿ!"

ವಿನುತಾಳ ಬೆರಳು ಗಾಳಿಯಲ್ಲೇ ನಿಂತುಬಿಟ್ಟಿತು.

ಕಪಾಟಿನ ಮೇಲೆ ಅಂಗೈಯಷ್ಟು ದೊಡ್ಡದೊಂದು ಕೆಂಪು ಟೆಂಪೊ. ಅದಕ್ಕೆ ಗಾಜು ಇತ್ತು, ಕನ್ನಡಿ ಇತ್ತು, ಒಳಗೆ ಸೀಟುಗಳಿದ್ದವು. ಸ್ಟೇರಿಂಗಿಗೆ ಸುತ್ತಿದ ಹಸಿರು ದಾರ ಕೂಡ ಇತ್ತು.

"ಅಬ್ಬಾ! ನಾನೆಂತ ಮುರಿದು ಹಾಕ್ತಿದ್ನಾ? ಒಂದು ಆಟಿಕೆಗೆ ಇಷ್ಟು ಕೂಗೂದಾ?"

"ಆಟಿಕೆ ಅಲ್ಲ ಅದು." ಅಂಗಡಿಯ ಯುವಕ ಕುಂಚವನ್ನು ಕೆಳಗಿಟ್ಟು ಎದ್ದು ಬಂದ. ಅವನ ದನಿ ತಗ್ಗಿತು. "ಅದ್ರಲ್ಲಿ ಹೋದವ್ರು ಯಾರೂ ತಿರುಗಿ ಬರ್ಲಿಲ್ಲ. ನನ್ನ ಅಣ್ಣನೂ..."

ಹೊರಗೆ ಕಾರ್ತೀಕದ ಬಿಸಿಲು ಚುರುಗುಟ್ಟುತ್ತಿತ್ತು. ಆದರೂ ವಿನುತಾಳಿಗೆ ಕುತ್ತಿಗೆಯ ಹಿಂದೆ ತಣ್ಣಗೆ ಏನೋ ಹರಿದಂತಾಯಿತು.

ಅದು ಎರಡು ಸಾವಿರದ ಒಂದನೆಯ ಇಸವಿ. ಹೊನ್ನಾವರದ ಬಂದರು ರಸ್ತೆಯಲ್ಲಿ ನಿತ್ಯಾನಂದ ನಂಬರ್ ಪ್ಲೇಟು ಬರೆಯುವ ಅಂಗಡಿ ಇಟ್ಟಿದ್ದ. ಅಪ್ಪನ ಟ್ಯಾಕ್ಸಿಯ ಪ್ಲೇಟಿಗೆ ಬಣ್ಣ ಹಾಕಿಸಲು ವಿನುತಾ ಮೊದಲ ಸಲ ಅಲ್ಲಿಗೆ ಹೋಗಿದ್ದಳು. ಎದುರಿನ ಟೈಲರ್ ಅಂಗಡಿಯಲ್ಲೇ ಅವಳಿಗೆ ಕೆಲಸ. ಆದರೂ ಆ ಕಪಾಟನ್ನು ಅಷ್ಟು ಹತ್ತಿರದಿಂದ ನೋಡಿದ್ದು ಆ ದಿನವೇ.

ನಿತ್ಯಾನಂದನ ಅಣ್ಣ ವಿನೋದ ಕುಮಟೆ-ಹೊನ್ನಾವರ ನಡುವೆ ಟೆಂಪೊ ಓಡಿಸುತ್ತಿದ್ದವನು. ಮೂರು ವರ್ಷದ ಹಿಂದೆ ಒಂದು ಸಂಜೆ ಆ ಟೆಂಪೊ ಹೆದ್ದಾರಿಯಲ್ಲಿ ನುಚ್ಚುನೂರಾಯಿತು. ಹರಿದ ತಗಡಿನ ಒಂದು ತುಂಡನ್ನು ನಿತ್ಯಾನಂದ ಮನೆಗೆ ತಂದ. ಅದನ್ನೇ ಕತ್ತರಿಸಿ, ಬಗ್ಗಿಸಿ, ಅಣ್ಣನ ಗಾಡಿಯನ್ನು ಚಿಕ್ಕದಾಗಿ ಮತ್ತೆ ಕಟ್ಟಿದ. ಗಾಜಿಗೆ ಎಕ್ಸ್‌ರೇ ಫಿಲ್ಮು, ಟಯರಿಗೆ ಹವಾಯಿ ಚಪ್ಪಲಿಯ ರಬ್ಬರು, ಅಚ್ಚಿಗೆ ಕೊಡೆಯ ಕಡ್ಡಿ.

ಅದನ್ನು ನೋಡಿ, ಹೆದ್ದಾರಿಯಲ್ಲಿ ತಮ್ಮವರನ್ನು ಕಳೆದುಕೊಂಡ ಬೇರೆ ಮನೆಯವರೂ ಬಂದರು. ಕೈಯಲ್ಲಿ ಒಂದು ತುಂಡು ತಗಡು, ಕಣ್ಣಲ್ಲಿ ನೀರು. ಈಗ ಕಪಾಟಿನಲ್ಲಿ ಐದು ಗಾಡಿಗಳಿದ್ದವು. ಮನೆಗೆ ಒಯ್ಯಲು ಎದೆ ಗಟ್ಟಿಯಿಲ್ಲದವರು ಅಲ್ಲೇ ಬಿಟ್ಟಿದ್ದರು. ತಿಥಿಯ ದಿನ ಬಂದು, ಬಾನೆಟ್ಟಿನ ಮೇಲೆ ಒಂದು ಹೂವಿಟ್ಟು ಹೋಗುತ್ತಿದ್ದರು.

ಊರಿನವರು ಅದಕ್ಕೆ ಸೂತಕದ ಅಂಗಡಿ ಎಂದು ಹೆಸರಿಟ್ಟಿದ್ದರು.

* * *

ಹದಿನೈದು ದಿನದ ಮೇಲೆ ನಿತ್ಯಾನಂದನೇ ರಸ್ತೆ ದಾಟಿ ಬಂದ. ಅಂಗೈಯಲ್ಲಿ ಒಂದು ಚೂರು ನೀಲಿ ರೆಕ್ಸಿನ್ನು.

"ಒಂದು ಸೀಟು ಹೊಲಿದು ಕೊಡ್ತೀರಾ?"

"ಎಷ್ಟು ಉದ್ದ?"

"ಎರಡು ಇಂಚು."

ವಿನುತಾ ನಕ್ಕುಬಿಟ್ಟಳು. "ಯಾರಿಗೆ, ಇಲಿ ಮದ್ವೆಗಾ?"

ಅವನು ನಗಲಿಲ್ಲ. "ಕುಮಟೆಯ ಬಂಗಾರಿ ಅಂತ. ಅವ್ರ ಮಗನ ರಿಕ್ಷಾದ್ದು. ಗಾಡಿಯ ಎರಡು ಅಡಿಗೆ ಇಲ್ಲಿ ಒಂದು ಇಂಚು. ಹೊಲಿಗೆ ಬಿಟ್ಟದ್ದು ಹಂಗೇ ಬಿಟ್ಟಿರ್ಬೇಕು."

"ಬಿಟ್ಟ ಹೊಲಿಗೆ ಎಂತಕ್ಕೆ? ಚಂದ ಮಾಡಿ ಕೊಡ್ತೆ."

"ಬೇಡ. ಗೀರು ಇದ್ರೆ ಗೀರೂ ಬೇಕು. ಇಲ್ದೇ ಹೋದ್ರೆ ಅದು ಅವ್ರ ಗಾಡಿ ಅಲ್ಲ, ಯಾವ್ದೋ ಗಾಡಿ."

ಬಂಗಾರಿ ಬಂದ ದಿನ ವಿನುತಾಳೂ ಅಲ್ಲಿದ್ದಳು. ಆ ತಾಯಿ ಪುಟ್ಟ ರಿಕ್ಷಾವನ್ನು ಮಡಿಲಲ್ಲಿಟ್ಟುಕೊಂಡು, ಕಿರುಬೆರಳನ್ನು ಒಳಗೆ ತೂರಿಸಿ, ಬಿಟ್ಟ ಹೊಲಿಗೆಯನ್ನು ಮುಟ್ಟಿದಳು.

"ಇಲ್ಲೇ... ಇಲ್ಲೇ ಕೂತ್ಕಳ್ತಿದ್ದ. ಹೊಲಿಸು ಹೊಲಿಸು ಅಂತ ಎಷ್ಟು ಸಲ ಹೇಳಿದ್ದೆ..."

ಮಕ್ಕಳನ್ನು ಮಣ್ಣಿಗೆ ಕೊಟ್ಟವರ ಅಳುವಿಗೆ ಸದ್ದಿರುವುದಿಲ್ಲ. ವಿನುತಾ ಮುಖ ತಿರುಗಿಸಿಕೊಂಡಳು. ಅತ್ತ ನಿತ್ಯಾನಂದನೂ ಕಣ್ಣೊರೆಸಿಕೊಳ್ಳುತ್ತಿದ್ದ. ಇಬ್ಬರ ನೋಟವೂ ಒಂದು ಕ್ಷಣ ಕೂಡಿತು.

'ದೇವರೇ... ಈ ಮನುಷ್ಯನನ್ನ ನೋಡಿದ್ರೆ ನಂಗೆ ಯಾಕೆ ಹಿಂಗಾಗ್ತದೆ?'

ಅಂದಿನಿಂದ ಸೀಟು ಹೊಲಿಯುವ ನೆವ ಇಲ್ಲದಿದ್ದರೂ ಅವಳು ದಿನಕ್ಕೊಮ್ಮೆ ರಸ್ತೆ ದಾಟುತ್ತಿದ್ದಳು.

* * *

"ಹೋಗ್ಬೇಡ ಅಂದ್ರೆ ಹೋಗ್ಬೇಡ!" ಸಣ್ಣಿ ಅಜ್ಜಿ ಒಲೆಯ ಮುಂದಿನಿಂದಲೇ ಗುಡುಗಿದಳು. ತಾಯಿಯಿಲ್ಲದ ವಿನುತಾಳನ್ನು ಸಾಕಿದವಳು ಅಪ್ಪನ ತಾಯಿಯಾದ ಈ ಅಜ್ಜಿಯೇ. "ಅವ ನಿನ್ನಪ್ಪನ ಗಾಡಿಗೆ ದಾರ ಹಿಡ್ದು ಅಳತೆ ತೆಗೀತಿದ್ದ! ಸ್ಟ್ಯಾಂಡಲ್ಲಿ ದೇವು ಮಲಗಿದ್ದಾಗ. ನಾ ಕಣ್ಣಾರೆ ಕಂಡೆ."

"ಅಜ್ಜೀ, ಪ್ಲೇಟಿನ ಅಳತೆ ಇರೂದು."

"ಗಾಡಿ ಉದ್ದಕ್ಕೂ ಹಿಡ್ದಿದ್ದ! ಚಟ್ಟ ಕಟ್ಟೂಕೆ ಹೆಣದ ಅಳತೆ ತೆಗ್ದಂಗೆ. ಅವ ಮಾಡೂದು ಸತ್ತ ಗಾಡಿ ಮಾತ್ರ. ಜೀವ ಇದ್ದ ಗಾಡಿ ಹತ್ರ ಅವಂಗೆ ಎಂತ ಕೆಲಸ?"

ಅಪ್ಪ ದೇವು ನಾಯ್ಕ ಊಟಕ್ಕೆ ಕೂತಿದ್ದ. ಇಪ್ಪತ್ತಾರು ವರ್ಷದಿಂದ ಅದೇ ಹಾಲುಬಣ್ಣದ ಅಂಬಾಸಿಡರ್ ಬಿಡುತ್ತಿದ್ದವನು. ಒಂದು ದಿನವೂ ಯಾರಿಗೂ ತಾಗಿಸಿದವನಲ್ಲ.

"ಉಪ್ಪಿನಕಾಯಿ ಹಾಕೇ ಇಲ್ವಲ್ಲೆ ಅಬ್ಬೆ," ಎಂದ ಅಪ್ಪ.

"ಆಗ್ಲೇ ಬಡ್ಸಿದ್ದೆ! ಎಲೆ ಮೇಲೆ ನೋಡೂಕೆ ಆಗೂದಿಲ್ವಾ?"

ಅಪ್ಪ ಅನ್ನ ಕಲಸಿದ. ಉಂಡೆದ್ದು ಕೈ ತೊಳೆಯಲು ಹೋಗುವಾಗ ಅವನ ಎಡಭುಜ ಬಾಗಿಲ ದಾರಂದಕ್ಕೆ ಬಡಿಯಿತು. ವಿನುತಾಳ ತಲೆಯಲ್ಲಿ ಮಾತ್ರ ಆ ದಾರವೇ ಸುತ್ತುತ್ತಿತ್ತು.

ಮರುದಿನ ಮಧ್ಯಾಹ್ನ ಅವಳು ಹೋದಾಗ ನಿತ್ಯಾನಂದ ಚಹಾಕ್ಕೆ ಹೋಗಿದ್ದ. ಮೇಜಿನ ಮೂಲೆಯಲ್ಲಿ ಪೇಪರು ಮುಚ್ಚಿದ್ದ ಏನೋ ಒಂದು ಇತ್ತು. ಅವಳು ಎತ್ತಿದಳು...

ಅಪ್ಪನ ಅಂಬಾಸಿಡರ್!

ಏಳು ಇಂಚು ಉದ್ದ. ಅದೇ ಹಾಲುಬಣ್ಣ. ಅದೇ ನಂಬರು. ಹಿಂದಿನ ಗಾಜಿನ ಮೇಲೆ ಎಳ್ಳುಕಾಳಿನಷ್ಟು ಅಕ್ಷರದಲ್ಲಿ 'ಶ್ರೀ ಮಹಾಗಣಪತಿ ಪ್ರಸನ್ನ'. ಮುಂದಿನ ಚಕ್ರದ ಮೇಲೆ, ಮಡ್‌ಗಾರ್ಡಿನುದ್ದಕ್ಕೂ, ಒಂದು ಕಪ್ಪು ಗೀರು.

'ಈ ಗೀರು ಅಪ್ಪನ ಗಾಡಿಗೆ ಇಲ್ಲ! ಮೊನ್ನೆ ಭಾನುವಾರ ನಾನೇ ತೊಳೆದದ್ದಲ್ವಾ?'

ಪೇಪರು ಮುಚ್ಚಿ ಅವಳು ಓಡಿ ಬಂದಳು.

ಆ ಸಂಜೆ ಅಪ್ಪ ಎಂದಿನಂತಲ್ಲದೆ ಗಾಡಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿದ. ಅವನು ಕೈಕಾಲು ತೊಳೆಯಲು ಹೋದಾಗ ವಿನುತಾ ಗೋಡೆಗೂ ಗಾಡಿಗೂ ನಡುವೆ ನುಸುಳಿ ನೋಡಿದಳು. ಮಡ್‌ಗಾರ್ಡಿನ ಮೇಲೆ ಕಪ್ಪು ಗೀರು. ಅಷ್ಟೇ ಉದ್ದ. ಅದೇ ಓರೆ.

"ಅಪ್ಪಾ... ಇದು ಎಂತಾ ಆತು?"

"ಎಂತದೋ ತಾಗ್ತು. ಬಿಡು," ಎಂದು ಅಪ್ಪ ಮುಖ ತಿರುಗಿಸಿದ.

ನಾಲ್ಕು ದಿನದ ಮೇಲೆ ಅವಳು ಮತ್ತೆ ಪೇಪರು ಎತ್ತಿದಳು. ಚಿಕ್ಕ ಗಾಡಿಯ ಹಿಂದಿನ ಒಂದು ಕೆಂಪು ದೀಪ ಒಡೆದಿತ್ತು. ಸಂಜೆ ಅಪ್ಪನ ಗಾಡಿ ಬಂತು. ಹಿಂದಿನ ಒಂದು ಕೆಂಪು ದೀಪ ಒಡೆದಿತ್ತು!

ಅವಳಿಗೆ ಅನ್ನ ಸೇರಲಿಲ್ಲ. ದೇವರ ಮುಂದೆ ದೀಪ ಹಚ್ಚಿ ಕೂತರೆ ಬತ್ತಿಯಲ್ಲೂ ಆ ಒಡೆದ ಗಾಜೇ ಕಾಣುತ್ತಿತ್ತು. ಅಲ್ಲಿ ಮೊದಲು ಗೀರು ಬೀಳುತ್ತದೆ, ಆಮೇಲೆ ಇಲ್ಲಿ! ಹಾಗಾದರೆ ಅಲ್ಲಿ ಗಾಡಿ ಮುಗಿದ ದಿನ...?

'ನನ್ನ ಅಪ್ಪನನ್ನ ಆ ಕಪಾಟಿನಲ್ಲಿ ಕೂರಿಸ್ತಾನಾ? ನಾನು ಪ್ರೀತಿಸಿದ ಕೈಯೇ...?'

ಅವಳು ರಸ್ತೆ ದಾಟುವುದನ್ನು ನಿಲ್ಲಿಸಿದಳು. ನಿತ್ಯಾನಂದ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವಳು ಮಿಷನ್ನಿನಿಂದ ತಲೆಯೆತ್ತುತ್ತಿರಲಿಲ್ಲ.

* * *

ಫಾಲ್ಗುಣದ ಒಂದು ಶುಕ್ರವಾರ. ಭಟ್ಕಳದ ರೈಲ್ವೆ ಸ್ಟೇಷನ್ನಿನಿಂದ ಜಾಲಿಯ ಒಂದು ಮನೆಗೆ ನೆಂಟರನ್ನು ಮುಟ್ಟಿಸುವ ಬಾಡಿಗೆ ಇತ್ತು. ಮೂರೂವರೆಗೆ ಅಪ್ಪ ಒಬ್ಬನೇ ಗಾಡಿ ತೆಗೆದ. ಟೈಲರ್ ಅಂಗಡಿಯ ಮುಂದೆ ಹಾದುಹೋಗುವಾಗ ಎಂದಿನಂತೆ ಎರಡು ಸಲ ಹಾರ್ನ್ ಹೊಡೆದ. ವಿನುತಾಳ ಕೈಯಲ್ಲಿದ್ದ ಸೂಜಿ ಆ ಗಳಿಗೆಗೇ ಮುರಿಯಿತು.

ಅವಳು ಎದ್ದಳು. ತಡೆಯಲಾಗಲಿಲ್ಲ. ರಸ್ತೆ ದಾಟಿ ನೇರ ಒಳಗೆ ಹೋಗಿ ಆ ಪೇಪರನ್ನು ಕಿತ್ತೆಸೆದಳು.

ಚಿಕ್ಕ ಅಂಬಾಸಿಡರಿನ ಮುಂದಿನ ಒಂದು ದೀಪದ ಜಾಗ ಖಾಲಿಯಾಗಿತ್ತು. ಕಣ್ಣು ಕಿತ್ತ ಹಾಗೆ.

"ಇದು ಯಾವತ್ತಿಗೆ?" ಅವಳ ದನಿ ಕೀರಲಾಯಿತು. "ಹೇಳಿ! ಇವತ್ತಿಗಾ?"

ನಿತ್ಯಾನಂದ ಬೆಚ್ಚಿ ಎದ್ದ. "ವಿನುತಾ ಅವ್ರೇ, ಎಂತ ಹೇಳ್ತಿದ್ರಿ?"

"ಬದುಕಿದ್ದವನ ಗಾಡಿಗೆ ಯಾಕೆ ಅಳತೆ ತೆಗೆದ್ರಿ? ನೀವು ಇಲ್ಲಿ ಗೀರು ಎಳೀತೀರಿ, ಸಂಜೆಗೆ ಅಪ್ಪನ ಗಾಡಿಗೆ ಗೀರು! ಇಲ್ಲಿ ದೀಪ ಒಡೀತೀರಿ, ಅಲ್ಲಿ ದೀಪ! ನಿಮ್ಮ ಕೈ... ನಿಮ್ಮದು ಸಾವಿನ ಕೈ!"

ಅವನ ಮುಖದ ರಕ್ತವೇ ಇಳಿಯಿತು. 

"ಇಷ್ಟು ಗಾಡಿ ಮಾಡ್ದೆ," ಎಂದ. "ಎಲ್ಲಾ ಮಣ್ಣು ಸೇರಿದವರದ್ದು. ಒಂದಾದ್ರೂ ಓಡೂ ಗಾಡಿ ಮಾಡ್ಬೇಕು ಅನ್ಸ್ತು. ಯಾವ್ದು ಅಂದಾಗ... ನೀವು ಕೂತು ಬರೂ ಗಾಡಿ ನೆನಪಾತು. ಯುಗಾದಿಗೆ ನಿಮ್ಮ ಕೈಗೆ ಕೊಡ್ಬೇಕು ಅಂತಿದ್ದೆ."

"ಸುಳ್ಳು! ಹಂಗಾದ್ರೆ ಈ ಗೀರು?"

"ನಾನು ಎಳ್ದದ್ದಲ್ಲ. ನಿಮ್ಮಪ್ಪನ ಗಾಡಿಲಿ ಇದ್ದದ್ದೇ. ದಿನಾ ಎದುರು ಸ್ಟ್ಯಾಂಡಲ್ಲಿ ನಿಲ್ತದೆ. ಬೆಳಿಗ್ಗೆ ಕಂಡದ್ದನ್ನ ಮಧ್ಯಾಹ್ನ ಇಲ್ಲಿ ಹಾಕ್ತೆ. ಈ ಮುಂದಿನ ದೀಪ ಮಾತ್ರ ಸರಿ ಕೂರೂದಿಲ್ಲ ಅಂತ ತೆಗ್ದಿಟ್ಟದ್ದು, ಅಷ್ಟೆ. ಇಲ್ಲಿ ಕಾಣಿ."

ಅವನು ಒಂದು ಪುಸ್ತಕ ಬಿಚ್ಚಿದ. ಪುಟ ಪುಟಕ್ಕೂ ಅಂಬಾಸಿಡರಿನ ಚಿತ್ರ. ಪ್ರತಿ ಗೀರಿನ ಪಕ್ಕದಲ್ಲಿ ತಾರೀಖು.

ವಿನುತಾ ಪುಸ್ತಕ ನೋಡಲಿಲ್ಲ. ಎಸೆದು ಒಡೆಯಬೇಕೆಂದು ಎತ್ತಿದ್ದ ಆ ಪುಟ್ಟ ಗಾಡಿ ಅವಳ ಕೈಯಲ್ಲಿ ಹಾಗೇ ಇತ್ತು. ಅವಳು ಅದನ್ನು ತಿರುಗಿಸಿದಳು. ಬಲಮಗ್ಗುಲು ಕನ್ನಡಿಯ ಹಾಗೆ ನುಣುಪು. ಎಡಮಗ್ಗುಲಲ್ಲಿ ಮಡ್‌ಗಾರ್ಡು, ಬಾಗಿಲು, ಹಿಂದಿನ ದೀಪ...

ಅವಳು ಮತ್ತೆ ತಿರುಗಿಸಿದಳು. ಬಲ. ಎಡ.

"ಎಲ್ಲಾ ಒಂದೇ ಬದಿಗೆ..." ಎಂದಳು ಮೆಲ್ಲಗೆ.

"ಹೌದು, ಹನ್ನೊಂದು ಗೀರು. ಎಲ್ಲಾ..." ನಿತ್ಯಾನಂದನ ಮಾತು ಅಲ್ಲೇ ನಿಂತಿತು.

ಉಪ್ಪಿನಕಾಯಿ! ಎಲೆಯ ಎಡತುದಿಗೆ ಬಡಿಸುವ ಉಪ್ಪಿನಕಾಯಿ ಅಪ್ಪನಿಗೆ ಕಂಡಿರಲಿಲ್ಲ. ಬಾಗಿಲ ದಾರಂದಕ್ಕೆ ಎಡಭುಜ ಬಡಿದುಕೊಂಡದ್ದು. ಗಾಡಿಯ ಎಡಮಗ್ಗುಲನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದು...

"ಅಪ್ಪಂಗೆ ಎಡಗಡೆ ಕಾಣೂದಿಲ್ಲ!"

ನಿತ್ಯಾನಂದ ತಲೆಗೆ ಕೈಯಿಟ್ಟ. "ಅಯ್ಯೋ... ನಾಲ್ಕು ತಿಂಗಳಿಂದ ಗಾಡಿ ನೋಡ್ದೆ. ಗಾಡಿ ಬಿಡೋರನ್ನ ನೋಡ್ಲೇ ಇಲ್ಲ!"

ಹೆದ್ದಾರಿಯ ಎಡಗಡೆಗೇ ಸೈಕಲ್ಲುಗಳು. ಎಡಗಡೆಗೇ ನಡೆದು ಹೋಗುವ ಜನ. ಎಡಗಡೆಗೇ ಶರಾವತಿ ಸೇತುವೆಯ ಕಟ್ಟೆ...

"ಎಷ್ಟೊತ್ತಾತು ಹೋಗಿ?"

"ಈಗಷ್ಟೇ... ಕಾಲು ಗಂಟೆ..."

ಅವನು ಆಗಲೇ ಹಳೆಯ ಎಂ-ಎಯ್ಟಿ ಮೊಪೆಡ್ಡನ್ನು ಒದ್ದು ಚಾಲೂ ಮಾಡುತ್ತಿದ್ದ. "ಹತ್ತಿ!"

* * *

ಸೇತುವೆಯ ಉದ್ದಕ್ಕೂ ವಿನುತಾ ಕಟ್ಟೆಯನ್ನೇ ನೋಡಿದಳು. ಎಲ್ಲಾದರೂ ಮುರಿದಿದೆಯೇ? ಕೆಳಗೆ ಹೊಳೆ ಕಂಚಿನಂತೆ ಕದಲದೆ ಬಿದ್ದಿತ್ತು. ಕಟ್ಟೆ ಮುರಿದಿರಲಿಲ್ಲ. ಅವಳು ಉಸಿರು ಬಿಟ್ಟಳು.

ಕಾಸರಕೋಡು ದಾಟಿತು. ಎದುರಿನಿಂದ ಬಂದ ಲಾರಿಯವನು ಸುಮ್ಮನೆ ದೀಪ ಮಿನುಗಿಸಿದ. ಮುಂದೆ ಏನೋ ಆಗಿದೆ ಎಂದು ಲಾರಿಯವರು ಹೇಳುವುದೇ ಹಾಗೆ.

"ಗಣಪಾ... ನನ್ನಪ್ಪನ್ನ ಉಳ್ಸಿಕೊಡು. ಬೇರೆ ಎಂತೂ ಕೇಳೂದಿಲ್ಲ," ಎಂದು ಅವಳು ನಿತ್ಯಾನಂದನ ಬೆನ್ನ ಹಿಂದೆ ಜಪಿಸುತ್ತಲೇ ಇದ್ದಳು.

ಇಡಗುಂಜಿ ಕ್ರಾಸಿನಲ್ಲಿ ಜನ ಗುಂಪುಗೂಡಿದ್ದರು.

ಆ ದಾರಿಯಲ್ಲಿ ಹೋದಾಗಲೆಲ್ಲ ಅಪ್ಪ ಅಲ್ಲಿ ಗಾಡಿ ನಿಧಾನಿಸಿ, ರಸ್ತೆಯ ಎಡಕ್ಕಿದ್ದ ಗಣಪನ ಕಾಣಿಕೆ ಡಬ್ಬಿಗೆ ಒಂದು ನಾಣ್ಯ ಹಾಕಿಯೇ ಮುಂದೆ ಹೋಗುವುದು. ಇಂದೂ ಎಡಕ್ಕೆ ತಿರುಗಿಸಿದ್ದ. ಡಬ್ಬಿಯ ಕಲ್ಲುಕಂಬಕ್ಕೆ ಗಾಡಿ ಮೂತಿಯಿಟ್ಟು ನಿಂತಿತ್ತು. ಎಡ ದೀಪ ಚೂರುಚೂರು. ಆ ಜಾಗ ಖಾಲಿ.

ವಿನುತಾ ಗುಂಪನ್ನು ಸೀಳಿಕೊಂಡು ಓಡಿದಳು. ಅದೇ ದೀಪ!

"ಅಪ್ಪಾ!"

ಅಪ್ಪ ಕಂಬದ ಬುಡದಲ್ಲಿ ಕೂತಿದ್ದ. ಹಣೆಯಲ್ಲಿ ಸ್ವಲ್ಪ ರಕ್ತ. ಕೈಯಲ್ಲಿ ಒಂದು ಹಿಡಿ ಗರಿಕೆ. ಚಕ್ರದ ಕೆಳಗೆ ಬಿದಿರಿನ ಬುಟ್ಟಿಯೊಂದು ಅಪ್ಪಚ್ಚಿಯಾಗಿತ್ತು.

"ನಾ ಬದ್ಕಿದ್ದೆ, ದೇವಣ್ಣಾ, ನಾ ಬದ್ಕಿದ್ದೆ! ಅಳ್ಬೇಡ," ಎನ್ನುತ್ತಿದ್ದಳು ಗರಿಕೆ ಮಾರುವ ದುರ್ಗಿ. "ಇಲ್ಲೇ ಕೂತಿದ್ದೆ. ಬಾಯಾರ್ತು ಅಂತ ಆಚೆ ಬದಿಗೆ ನೀರು ಕುಡಿಯೂಕೆ ಹೋದೆ. ಒಂದು ಗುಟುಕು ಕುಡ್ದಿದ್ದೆ, ಅಷ್ಟೆ... ದಡಾಲ್ ಅಂತು. ಗಣಪನೇ ಎಬ್ಸಿ ಕಳ್ಸಿದ್ದು!"

ಅಪ್ಪ ಮಗಳ ಕೈ ಹಿಡಿದುಕೊಂಡ.

"ಮಗಾ... ಬುಟ್ಟಿ ಕಾಣ್ಲಿಲ್ಲ. ಕಂಬವೂ ಕಾಣ್ಲಿಲ್ಲ. ಕುಮಟೆ ಡಾಕ್ಟ್ರು ಆಗ್ಲೇ ಹೇಳಿದ್ರು, ಎಡಗಣ್ಣು ಹೋತು, ಬಲಗಣ್ಣಲ್ಲೂ ಎಡಬದಿ ಮಸುಕು ಅಂತ. ನಾ ಯಾರಿಗೂ ಹೇಳ್ಲಿಲ್ಲ. ಗಾಡಿ ಬಿಟ್ರೆ ನಾ ಯಾರು ಹೇಳು?"

"ನೀವು ನನ್ನಪ್ಪ!" ಎಂದು ವಿನುತಾ ಅವನ ಮಡಿಲಲ್ಲಿ ಮುಖ ಹುದುಗಿಸಿದಳು.

ಭಟ್ಕಳದ ನೆಂಟರಿಗೆ ಬೇರೆ ಗಾಡಿ ಕಳಿಸಿ, ಅಪ್ಪನ ಹಣೆಗೆ ಪಟ್ಟಿ ಕಟ್ಟಿಸಿ, ಇಬ್ಬರನ್ನೂ ಮನೆ ಮುಟ್ಟಿಸಿದವನು ನಿತ್ಯಾನಂದ. ಹೊರಡುವಾಗ ಅವನು ವಿನುತಾಳ ಮುಖ ನೋಡಲಿಲ್ಲ.

'ಸಾವಿನ ಕೈ' ಎಂಬ ಮಾತು ಇಬ್ಬರ ನಡುವೆ ನಿಂತೇ ಇತ್ತು.

* * *

ಯುಗಾದಿ ಕಳೆಯಿತು. ಅಂಬಾಸಿಡರ್ ಅಂಗಳ ಬಿಟ್ಟು ಕದಲಲಿಲ್ಲ. ಎದುರಿನ ಅಂಗಡಿಯ ಬಾಗಿಲು ಅರ್ಧ ಮಾತ್ರ ತೆರೆದಿರುತ್ತಿತ್ತು. ನಿತ್ಯಾನಂದ ಹೊಸ ಗಾಡಿ ಯಾವುದನ್ನೂ ಹಿಡಿಯುತ್ತಿಲ್ಲವಂತೆ, ಬಂದವರನ್ನು ಕೈಮುಗಿದು ಕಳಿಸುತ್ತಿದ್ದಾನಂತೆ ಎಂದು ಜನ ಹೇಳಿದರು.

ಒಂದು ಸಂಜೆ ಅಪ್ಪ ಮಗಳನ್ನು ಕರೆದ.

"ಅವ ಮಾಡ್ತಿದ್ದ ನನ್ನ ಗಾಡಿ ಮುಗಿಲಿಲ್ವಾ?"

ಅವಳು ತಲೆ ತಗ್ಗಿಸಿದಳು. "ನಾನೇ... ನಾನೇ ಬಾಯಿಗೆ ಬಂದಂಗೆ ಅಂದೆ, ಅಪ್ಪಾ."

"ಹಂಗಾದ್ರೆ ನೀನೇ ಹೋಗಿ ಕರಿ."

ಅವಳು ಅಂಬಾಸಿಡರಿನ ಮುಂದಿನ ಸೀಟಿನ ಅಡಿಯಿಂದ ಒಂದು ಚೂರು ಕಂದು ರೆಕ್ಸಿನ್ನು ಕತ್ತರಿಸಿದಳು. ಅತ್ಯಂತ ಸಣ್ಣ ಸೂಜಿ ತೆಗೆದಳು. ಎರಡು ದಿನ ಹಿಡಿಯಿತು. ಮೂರನೆಯ ದಿನ ಆ ಪುಟ್ಟ ಸೀಟನ್ನು ನಿತ್ಯಾನಂದನ ಮೇಜಿನ ಮೇಲಿಟ್ಟು, ಒಂದೇ ಮಾತು ಹೇಳಿದಳು.

"ಅಪ್ಪ ಕರೀತಿದ್ರು."

ಭಾನುವಾರ ಅವನು ಬಂದ. ಪೇಪರು ಬಿಚ್ಚಿ ಏಳು ಇಂಚಿನ ಗಾಡಿಯನ್ನು ಅಪ್ಪನ ಅಂಗೈಯಲ್ಲಿಟ್ಟ. ಅಪ್ಪ ಕಣ್ಣು ಮುಚ್ಚಿಕೊಂಡು ಎಡಮಗ್ಗುಲ ಮೇಲೆ ಬೆರಳಾಡಿಸಿದ.

"ಇದು ಕರ್ಕಿಯ ಗೇಟು... ಇದು ಕುಮಟೆ ಬಸ್‌ಸ್ಟ್ಯಾಂಡು... ಇದು ಕಂಬ." ಬೆರಳು ಬಲಕ್ಕೆ ಹೋಯಿತು. "ಈ ಬದಿ ಎಷ್ಟು ನುಣ್ಣಗೆ ಅದೆ, ಮಾರಾಯಾ! ಇಪ್ಪತ್ತಾರು ವರ್ಷ ನಾ ಹಿಂಗೇ ಇಟ್ಟಿದ್ದೆ."

ಸಣ್ಣಿ ಅಜ್ಜಿ ದೂರದಿಂದಲೇ ಕತ್ತು ಚಾಚಿದಳು. "ಇದು ಜೀವ ಇದ್ದ ಗಾಡಿಯೋ, ಸತ್ತದ್ದೋ? ಅದನ್ನ ಹೇಳಿ ಮೊದ್ಲು. ಒಳಗೆ ತರೂದೋ ಬೇಡವೋ?"

"ಗಾಡಿ ಹೋತು, ಅಬ್ಬೆ. ಬಿಡೋನು ಉಳ್ದ," ಎಂದ ಅಪ್ಪ. "ಇವ ಮಾಡಿದ್ರಲ್ಲಿ ಗಾಡಿಯವನ ಕೈಗೇ ಸಿಕ್ಕಿದ್ದು ಇದೊಂದೇ. ದೇವ್ರ ಮಂಟಪದ ಹತ್ರ ಇಡು."

ಅಜ್ಜಿ ಸೆರಗಿನಿಂದ ಕೈಯೊರೆಸಿ ಎರಡೂ ಕೈ ಚಾಚಿದಳು. "ತಾ ಇಲ್ಲಿ. ಚಹಾ ಕುಡ್ದೇ ಹೋಗ್ಬೇಕು ನೀನು, ಅಳತೆಗಾರಾ!"

* * *

ಬೇಲಿಯ ಹತ್ತಿರ ಇಬ್ಬರೂ ನಿಂತರು. ಹೆದ್ದಾರಿಯಲ್ಲಿ ಲಾರಿಯೊಂದು ಉದ್ದಕ್ಕೆ ಹಾರ್ನ್ ಹೊಡೆಯಿತು. ಅದು ದಾಟಿ ಹೋಗುವವರೆಗೂ ಇಬ್ಬರೂ ಉಸಿರು ಹಿಡಿದಿದ್ದರು. ಆ ಹೆದರಿಕೆ ಇನ್ನು ಬದುಕಿಡೀ ಹೋಗುವುದಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ನಿಮ್ಮ ಕೈಗೆ ನಾ ಅಂದ ಮಾತು..." ವಿನುತಾಳ ಕಣ್ಣು ತುಂಬಿತು. "ಆ ಕೈ ಗೀರು ಎಳೀದೇ ಇದ್ದಿದ್ರೆ ಅಪ್ಪನ ಕಣ್ಣು ನಂಗೆ ಗೊತ್ತಾಗ್ತಿತ್ತಾ? ಇವತ್ತಿಗೂ ಗಾಡಿ ಬಿಡ್ತಿದ್ರು."

"ಎಡಗಡೆ ದೀಪ ಹಂಗೇ ಒಡೆದದ್ದು ಕಂಡು ನಾನೂ ಹೆದ್ರಿದ್ದೆ," ಎಂದ ನಿತ್ಯಾನಂದ. "ಮತ್ತೆ ಯೋಚ್ನೆ ಮಾಡ್ದೆ. ಎಡಗಡೆ ಬಿಟ್ರೆ ಮತ್ತೆಲ್ಲಿ ತಾಗ್ತಿತ್ತು?"

"ಸೀಟು ಸರಿ ಕೂತ್ಕಂತಾ?"

"ಕೂತ್ಕಂತು. ಆದ್ರೆ ಅಷ್ಟು ಅಗಲ ಎಂತಕ್ಕೆ ಹೊಲಿದ್ರಿ?"

"ಅಂಬಾಸಿಡರಿಗೆ ಮುಂದೆ ಒಂದೇ ಉದ್ದ ಸೀಟಲ್ವಾ? ಇಬ್ರು ಕೂರೂದು."

ಅವನು ಮೊದಲ ಸಲ ನಕ್ಕ. ನಗು ಅವನ ಮುಖಕ್ಕೆ ಹೊಸದು. ದಾರಿ ಗೊತ್ತಿಲ್ಲದವರ ಹಾಗೆ ಬಂತು.

"ಬಿಡೋನು ಬಲಗಡೆ. ಎಡಗಡೆಗೆ ಯಾರು, ವಿನುತಾ?"

ಅವಳು ಬೇಲಿಯ ಈಚೆಯಿಂದ ಸುತ್ತಿ ಬಂದು, ಅವನ ಎಡಕ್ಕೆ ನಿಂತಳು.

"ಅಲ್ಲಿಂದ ಬರೂದೆಲ್ಲಾ ನಾ ಕಂಡು ಹೇಳ್ತೆ," ಎಂದಳು. "ನೀನು ಹೆದ್ರಬೇಡ."